ಕ್ಯಾಂಪರ್ ವ್ಯಾನ್ ಮುಂದಿನ ಬ್ರೇಕ್ ಪ್ಯಾಡ್: ಇನ್ನೂ ಓಡಿಸಬಹುದಾ, ಈಗಲೇ ಬದಲಿಸಬೇಕಾ?

ಗಾಲಿಮನೆ:
ಟೆಂಪೋ ಟ್ರಾವೆಲರ್ ಮೇಲೆ ಕಟ್ಟಿಸಿದ ಕ್ಯಾಂಪರ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ಮಂಚ, ಗ್ಯಾಸ್, ಬ್ಯಾಟರಿ, 120 ಲೀಟರ್ ನೀರು ಎಲ್ಲಾ ಸೇರಿ ವೇಬ್ರಿಡ್ಜ್‌ನಲ್ಲಿ 3,900 ಕೆಜಿ ಬಂತು. ಪ್ಯಾಡ್ ಹಾಕಿಸಿದ ಮೇಲೆ 22,000 ಕಿ.ಮೀ. ಓಡಿದೆ. ಗ್ಯಾರೇಜಿನಲ್ಲಿ “ಇನ್ನೂ ಅರ್ಧ ಇದೆ, 40 ಸಾವಿರಕ್ಕೆ ಬನ್ನಿ” ಅಂದರು. ಚಕ್ರ ಬಿಚ್ಚಿ ಅಳೆದಾಗ ಬಲಗಡೆ ಒಳಗಿನದು 7 ಮಿ.ಮೀ., ಹೊರಗಿನದು 7.5. ಎಡಗಡೆ ಹೊರಗಿನದು 7.5, ಒಳಗಿನದು ಮಾತ್ರ 3.5. ಮುಂದಿನ ವಾರ ಚಾರ್ಮಾಡಿ ಘಾಟಿ ಇಳಿಯೋದಿದೆ. 3 ಮಿ.ಮೀ. ತನಕ ಓಡಿಸಬಹುದು ಅಂತಾರಲ್ಲ, ಹೋಗಿ ಬಂದು ಬದಲಿಸಿದರೆ ನಡೆಯುತ್ತಾ?

ಹಳೇ ಸ್ಪ್ಯಾನರ್:
ಬೇಡ ಸರ್, ಹೋಗೋಕೆ ಮುಂಚೆಯೇ ಬದಲಿಸಿ. ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ: 3.5 ಅನ್ನೋದು ಬರೀ ಉಜ್ಜುವ ಪದರವಾ, ಹಿಂದಿನ ಕಬ್ಬಿಣದ ಪ್ಲೇಟೂ ಸೇರಿಯಾ? ಪ್ಲೇಟೇ 5-6 ಮಿ.ಮೀ. ಇರುತ್ತೆ. ಅದನ್ನೂ ಸೇರಿಸಿ ಅಳೆದು “ಬೇಕಾದಷ್ಟಿದೆ” ಅನ್ನೋರು ಎಷ್ಟೋ ಜನ. ಪ್ಯಾಡ್ ಓರೆಯಾಗಿ ಸವೆದಿದ್ದರೆ ತೀರಾ ತೆಳುವಾದ ತುದಿಯ ಅಳತೆಯೇ ಲೆಕ್ಕ.

3 ಮಿ.ಮೀ. ಅನ್ನೋದು ಸಾಮಾನ್ಯ ಓಡಾಟದ ಕೊನೆ ಮಿತಿ. ಬೇರೆ ಗಾಡಿ ಖಾಲಿ ಓಡುವ ದಿನವೂ ಉಂಟು, ಕ್ಯಾಂಪರ್ ಮಾತ್ರ ಯಾವಾಗಲೂ ಫುಲ್ ಲೋಡ್. ನಿಮ್ಮ 3,900 ಕೆಜಿ 500 ಮೀಟರ್ ಕೆಳಗಿಳಿದರೆ ಹೊರಬೀಳುವ ಶಕ್ತಿ ಹತ್ತಿರ ಹತ್ತಿರ 1.9 ಕೋಟಿ ಜೌಲ್, ಅಂದರೆ ಸುಮಾರು 60 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಬಿಸಿ. ಒಂದಿಷ್ಟನ್ನು ಎಂಜಿನ್ ತಡೆಯುತ್ತೆ, ಮಿಕ್ಕಿದ್ದು ಬ್ರೇಕಿಗೆ. ಪ್ಯಾಡ್ ತೆಳುವಾದಷ್ಟೂ ಆ ಬಿಸಿ ಅದನ್ನು ಒತ್ತುವ ಪಿಸ್ಟನ್‌ಗೆ, ಅಲ್ಲಿಂದ ಬ್ರೇಕ್ ಆಯಿಲ್‌ಗೆ ಬೇಗ ದಾಟುತ್ತೆ. ಅದಕ್ಕೇ ಘಟ್ಟಕ್ಕೆ ಹೋಗುವ ಗಾಡಿಗೆ 4 ಮಿ.ಮೀ.ಗೇ ಬದಲಿಸೋದು ಒಳ್ಳೇದು. ಕಿಲೋಮೀಟರ್ ಲೆಕ್ಕಕ್ಕೆ ಇಲ್ಲಿ ಅಷ್ಟು ಬೆಲೆ ಇಲ್ಲ.

ಒಳಗಿನ ಪ್ಯಾಡ್ ನೋಡದೆ ಚಕ್ರದ ಕಿಂಡಿಯಿಂದ ಹೊರಗಿನದನ್ನಷ್ಟೇ ನೋಡಿದರೆ “ಅರ್ಧ ಇದೆ” ಅನ್ನೋ ಉತ್ತರವೇ ಬರೋದು.

ಘಟ್ಟದ ಡ್ರೈವರ್:
ಒಂದೇ ಚಕ್ರದಲ್ಲಿ ಒಳಗೂ ಹೊರಗೂ 4 ಮಿ.ಮೀ. ವ್ಯತ್ಯಾಸ ಅಂದರೆ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತಿ ಹಿಡಿಯುವ ಭಾಗ) ಸರಿಯಿಲ್ಲ. ಹೊಸ ಪ್ಯಾಡ್ ಹಾಕಿದರೂ ಅದೇ ಜಾಗ ಮತ್ತೆ ಸವೆಯುತ್ತೆ. ಒಂದೋ ಕ್ಯಾಲಿಪರ್ ಜಾರುವ ಪಿನ್ ಜಾಮ್ ಆಗಿದೆ, ಇಲ್ಲಾ ಪಿಸ್ಟನ್ ವಾಪಸ್ ಹೋಗುತ್ತಿಲ್ಲ.

ಎಡ ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಬ್ರೇಕ್ ಒತ್ತಿ ಬಿಟ್ಟು ಕೈಯಲ್ಲಿ ತಿರುಗಿಸಿ. ಹಿಡಿದುಕೊಂಡಿದ್ದರೆ ಬ್ಲೀಡರ್ ನಿಪ್ಪಲ್ (ಕ್ಯಾಲಿಪರ್‌ನಿಂದ ಆಯಿಲ್ ಹೊರಬಿಡುವ ತಿರುಪು) ಸ್ವಲ್ಪ ಸಡಿಲಿಸಿ. ಆಗ ಚಕ್ರ ಸಲೀಸಾಗಿ ತಿರುಗಿದರೆ ಒತ್ತಡ ಒಳಗೇ ಉಳಿದಿತ್ತು ಅಂತ ಅರ್ಥ: ರಬ್ಬರ್ ಹೋಸ್ ಒಳಗೆ ಊದಿಕೊಂಡಿರಬಹುದು, ಅಪರೂಪಕ್ಕೆ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಕೆಟ್ಟಿರಬಹುದು. ಆಗಲೂ ಬಿಗಿಯಾಗೇ ಇದ್ದರೆ ಪಿನ್ ಅಥವಾ ಪಿಸ್ಟನ್. ಕ್ಯಾಲಿಪರ್ ಬಿಚ್ಚಿದ ಮೇಲೆ ಪಿನ್ ಎರಡೂ ಕೈಬೆರಳಲ್ಲೇ ಜಾರಬೇಕು.

ಹಿಂದಿನದನ್ನೂ ನೋಡಿ. ಡ್ರಮ್ ಶೂ ಸಡಿಲವಿದ್ದರೆ ಭಾರವೆಲ್ಲ ಮುಂದಿನ ಬ್ರೇಕ್ ಮೇಲೇ ಬೀಳುತ್ತೆ. ಅಂದಹಾಗೆ, ಕ್ಯಾಂಪರ್ ಕಟ್ಟಿಸುವಾಗ ಹಿಂದೆ ಎಕ್ಸ್‌ಟ್ರಾ ಸ್ಪ್ರಿಂಗ್ ಪಟ್ಟಾ ಹಾಕಿಸಿದ್ದೀರಾ? ಹಿಂದಿನ ಆಕ್ಸಲ್‌ಗೆ ಕಡ್ಡಿ ಜೋಡಿಸಿದ ಲೋಡ್ ವಾಲ್ವ್ (ಭಾರ ನೋಡಿ ಹಿಂದಿನ ಬ್ರೇಕ್ ಒತ್ತಡ ಹೊಂದಿಸುವುದು) ಇದ್ದರೆ, ಪಟ್ಟಾ ಬಾಡಿಯನ್ನು ಮೇಲೆತ್ತಿದಾಗ ಅದು ಗಾಡಿ ಖಾಲಿ ಇದೆ ಅಂದುಕೊಂಡು ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಕೊಡುತ್ತೆ. ವಾಲ್ವ್ ಸೆಟ್ಟಿಂಗ್ ಮತ್ತೆ ಮಾಡಿಸಬೇಕು. ಇದನ್ನು ಕೇಳುವ ಗ್ಯಾರೇಜ್ ಸಿಗೋದೇ ಕಷ್ಟ.

ಗಾಲಿಮನೆ:
3.5 ಬರೀ ಪದರದ್ದೇ. ನಿಪ್ಪಲ್ ಸಡಿಲಿಸಿದರೂ ಚಕ್ರ ಬಿಗಿ. ಕೆಳಗಿನ ಪಿನ್ ಒಣಗಿ ತುಕ್ಕು ಹಿಡಿದು ಕೂತಿತ್ತು, ಅದರ ರಬ್ಬರ್ ಬೂಟ್ (ಮುಚ್ಚಳ) ಹರಿದಿದೆ. ಪಿಸ್ಟನ್ ಸಿ-ಕ್ಲ್ಯಾಂಪ್‌ನಲ್ಲಿ ಸುಲಭವಾಗಿ ಒಳಗೆ ಹೋಯ್ತು. ಎಕ್ಸ್‌ಟ್ರಾ ಪಟ್ಟಾ ಹಾಕಿಸಿಲ್ಲ. ಡಿಸ್ಕ್‌ನಲ್ಲಿ ಗೀರು ಇದೆ, ಆದರೆ ಉಗುರಿಗೆ ಸಿಗಲ್ಲ. ದಪ್ಪ ಅದರ ಮೇಲೆ ಕೊರೆದ ಕನಿಷ್ಠಕ್ಕಿಂತ 0.8 ಮಿ.ಮೀ. ಜಾಸ್ತಿ. ಎಡಗಡೆಗೆ ಮಾತ್ರ ಪ್ಯಾಡ್ ಸಾಕಾ? ಡಿಸ್ಕ್ ಮುಖ ಸಮ ಮಾಡಿಸೋಕೆ ಲೇಥ್ ಕೊಡಿಸಲಾ?

ಹಳೇ ಸ್ಪ್ಯಾನರ್:
ಪ್ಯಾಡ್ ನಾಲ್ಕೂ ಬದಲಿಸಿ. ಒಂದೇ ಕಡೆ ಹೊಸದಾದರೆ ಬ್ರೇಕ್ ಹಿಡಿದಾಗ ಗಾಡಿ ಪಕ್ಕಕ್ಕೆ ಎಳೆಯುತ್ತೆ. ಪಿನ್-ಬೂಟ್ ಕಿಟ್ ಎರಡೂ ಕಡೆಗೆ ಹಾಕಿ. ಪಿನ್ನಿಗೆ ಸಿಲಿಕೋನ್ ಬ್ರೇಕ್ ಗ್ರೀಸ್ ಮಾತ್ರ. ವೀಲ್ ಬೇರಿಂಗ್ ಗ್ರೀಸ್ ಹಾಕಿದರೆ ರಬ್ಬರ್ ಊದಿ ಪಿನ್ ಮತ್ತೆ ಕಚ್ಚಿಕೊಳ್ಳುತ್ತೆ. ಕ್ಯಾಲಿಪರನ್ನು ಹೋಸ್ ಮೇಲೆ ನೇತುಹಾಕಬೇಡಿ, ತಂತಿಯಲ್ಲಿ ಕಟ್ಟಿ. ಪಿಸ್ಟನ್ ಒಳಗೆ ತಳ್ಳುವಾಗ ಮೇಲಿನ ಡಬ್ಬಿಯಿಂದ ಬ್ರೇಕ್ ಆಯಿಲ್ ಉಕ್ಕಿ ಪೇಂಟ್ ತಿನ್ನುತ್ತೆ, ಮೊದಲೇ ಸ್ವಲ್ಪ ತೆಗೆದಿಡಿ. ಕೆಲಸ ಮುಗಿದ ಮೇಲೆ ಪೆಡಲ್ ಗಟ್ಟಿ ಆಗುವ ತನಕ ಪಂಪ್ ಮಾಡಿ, ಆಮೇಲಷ್ಟೇ ಗಾಡಿ ಅಲ್ಲಾಡಿಸಿ.

ಲೇಥ್ ಬೇಡ. ಒಂದೊಂದು ಮುಖಕ್ಕೆ 0.3 ಹೋದರೂ ಒಟ್ಟು 0.6 ಹೋಯ್ತು, ಉಳಿಯೋದು 0.2 ಮಾತ್ರ. ಪೆಡಲ್ ನಡುಗುತ್ತಿಲ್ಲ ಅಂದರೆ ಹಾಗೇ ಬಿಡಿ. ನಡುಗುತ್ತಿದ್ದರೆ ಎರಡೂ ಡಿಸ್ಕ್ ಹೊಸದೇ ಹಾಕಿ.

ಘಟ್ಟದ ಡ್ರೈವರ್:
ಬ್ರೇಕ್ ಆಯಿಲ್ ಹಾಕಿಸಿ 2 ವರ್ಷ ದಾಟಿದ್ದರೆ ಅದನ್ನೂ ಪೂರ್ತಿ ಬದಲಿಸಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಲ್ಲ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ತಿಂಗಳುಗಟ್ಟಲೆ ನಿಂತೇ ಇರುವ ಗಾಡಿಗೂ ಇದು ತಪ್ಪಿದ್ದಲ್ಲ.

ಹೊಸ ಪ್ಯಾಡನ್ನು ಹಾಗೇ ಘಟ್ಟಕ್ಕೆ ಒಯ್ಯಬೇಡಿ. ಖಾಲಿ ರಸ್ತೆಯಲ್ಲಿ ವೇಗವನ್ನು ಗಂಟೆಗೆ 50 ಕಿ.ಮೀ.ನಿಂದ 15ಕ್ಕೆ ನಿಧಾನವಾಗಿ ಎಂಟು-ಹತ್ತು ಸಲ ಇಳಿಸಿ, ಪ್ರತಿ ಸಲದ ನಡುವೆ ಅರ್ಧ ನಿಮಿಷ ಓಡಿಸಿ ತಣಿಸಿ. ಬಿಸಿ ಇರುವಾಗ ಪೆಡಲ್ ಒತ್ತಿ ನಿಲ್ಲಬೇಡಿ.

ಇಳಿಜಾರಿನಲ್ಲಿ ಎರಡು ಲಕ್ಷಣ ಬೇರೆ ಬೇರೆ. ಪೆಡಲ್ ಗಟ್ಟಿಯಾಗೇ ಇದ್ದು ಗಾಡಿ ನಿಲ್ಲದಿದ್ದರೆ ಪ್ಯಾಡ್ ಕಾದಿದೆ. ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಆಯಿಲ್ ಕುದಿದಿದೆ. ಎರಡರಲ್ಲೂ ಎಂಜಿನ್ ಆಫ್ ಮಾಡಬೇಡಿ, ಪೆಡಲ್ ಒತ್ತೋಕೆ ನೆರವಾಗುವ ಬೂಸ್ಟರ್‌ಗೆ ವ್ಯಾಕ್ಯೂಮ್ ಸಿಗಲ್ಲ. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆದು ಪಕ್ಕಕ್ಕೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ನೀರು ಎರಚಬೇಡಿ, ಕಾದ ಡಿಸ್ಕ್ ಸೀಳಬಹುದು.

ಗಾಲಿಮನೆ:
ಆಯಿಲ್ ಯಾವಾಗ ಹಾಕಿಸಿದ್ದು ಅಂತ ಬಿಲ್ಲಿನಲ್ಲಿಲ್ಲ, ಬದಲಿಸಿಬಿಡ್ತೀನಿ. ನೀರಿನ ಟ್ಯಾಂಕ್ ಖಾಲಿ ಮಾಡಿ ಇಳಿದರೆ ಪ್ರಯೋಜನ ಇದೆಯಾ?

ಹಳೇ ಸ್ಪ್ಯಾನರ್:
ಇದೆ, 120 ಕೆಜಿ ಇಳಿಯುತ್ತೆ, ನೂರಕ್ಕೆ 3 ಭಾಗ. ಘಟ್ಟ ಇಳಿದ ಮೇಲೆ ಉಜಿರೆಯಲ್ಲಿ ತುಂಬಿಸಿಕೊಳ್ಳಿ. ಆದರೆ ಎರಡನೇ ಗೇರಿನಲ್ಲಿ ಇಳಿಯೋದರಿಂದ ಸಿಗುವ ಲಾಭ ಇದಕ್ಕಿಂತ ಎಷ್ಟೋ ದೊಡ್ಡದು.