ಡೈಯಿಂಗ್ ಘಟಕದ ಬಿಸಿನೀರು ಚರಂಡಿಗೆ ಹೋಗ್ತಿದೆ, ಶಾಖ ಹಿಡಿಯೋದು ಹೇಗೆ?

ಪ್ರಶ್ನೆ (ಹಾಸನ, ಮೆಂಟೆನೆನ್ಸ್):
ಸಾರ್, ನಮ್ಮದು ಬಟ್ಟೆಗೆ ಬಣ್ಣ ಹಾಕುವ ಘಟಕ. ಗಂಟೆಗೆ ಸುಮಾರು 10,000 ಲೀಟರ್ ಕೊಳಕು ನೀರು ಇಟಿಪಿಗೆ (ಕೊಳಕು ನೀರು ಶುದ್ಧ ಮಾಡುವ ಘಟಕ) ಹೋಗುತ್ತೆ, ಅಲ್ಲಿ 45 ಡಿಗ್ರಿ ಇದೆ. ಬಿಸಿ ಮಾಡಬೇಕಾದ ಬೋರ್ ನೀರು ಗಂಟೆಗೆ 5,000 ಲೀಟರ್, 25 ಡಿಗ್ರಿ. ಬಾಯ್ಲರ್‌ಗೆ ಹಾಕುವ ಸಿಲ್ವರ್ ಓಕ್ ಸೌದೆ ರೇಟು ಏರ್ತಾನೇ ಇದೆ. ಇಟಿಪಿ ಬಾಯಲ್ಲೇ, ನೀರು ಬೆರೆಯದೆ ಶಾಖ ಮಾತ್ರ ದಾಟಿಸುವ ಹೀಟ್ ಎಕ್ಸ್‌ಚೇಂಜರ್ ಕೂರಿಸಿದರೆ ಆಗುತ್ತಾ?

ಉತ್ತರ (ಪ್ರೊಸೆಸ್ ಎಂಜಿನಿಯರ್):
ಅಲ್ಲಿ ಬೇಡ. ಆ 45 ಡಿಗ್ರಿ ಹೇಗೆ ಬಂತು ನೋಡಿ. ಸೋಪಿಂಗ್ ನೀರು (ಬಣ್ಣ ಹಾಕಿದ ಮೇಲೆ ಸೋಪು ಹಾಕಿ ತೊಳೆದ ಬಿಸಿನೀರು), ತಣ್ಣನೆ ತೊಳೆದ ನೀರು ಎಲ್ಲಾ ಒಂದೇ ಚರಂಡಿಗೆ ಬಿದ್ದಿದೆ. ಅರ್ಧ 65, ಅರ್ಧ 25 ಅಂದುಕೊಳ್ಳಿ. ಎಕ್ಸ್‌ಚೇಂಜರ್‌ನಲ್ಲಿ ಬಿಸಿ ನೀರಿಗೂ ಕಾದ ನೀರಿಗೂ 10 ಡಿಗ್ರಿ ಅಂತರ ಬಿಟ್ಟರೆ ಬೆರೆತ ನೀರಿನಿಂದ ಬೋರ್ ನೀರು 35ಕ್ಕೆ ಮಾತ್ರ ಏರುತ್ತೆ. ಬಿಸಿ ಚರಂಡಿ ಬೇರೆ ಮಾಡಿ, ಎರಡೂ ನೀರನ್ನು ಎದುರುಬದುರಾಗಿ ಹರಿಸಿದರೆ 55ರವರೆಗೆ. ಅಂದರೆ ಮೂರು ಪಟ್ಟು: ಗಂಟೆಗೆ 1,50,000 ಕಿಲೋಕ್ಯಾಲರಿ. ಸೌದೆಯ ಶಾಖ ಕೆ.ಜಿ.ಗೆ 3,000 ಕಿಲೋಕ್ಯಾಲರಿ, ಬಾಯ್ಲರ್ ದಕ್ಷತೆ ಶೇ. 60 ಹಿಡಿದರೆ ಗಂಟೆಗೆ ಸುಮಾರು 83 ಕೆ.ಜಿ. ಸೌದೆ ಉಳೀತು. ಬಿಸಿ ಚರಂಡಿ ನೀರೂ 35ಕ್ಕೆ ಇಳಿಯುತ್ತೆ, ಇಟಿಪಿಯ ಬ್ಯಾಕ್ಟೀರಿಯಾಗಳಿಗೂ ಅದೇ ಹಿತ. ಹಾಗಾಗಿ ಮೊದಲ ಖರ್ಚು ಪೈಪಿಗೆ, ಎಕ್ಸ್‌ಚೇಂಜರ್‌ಗಲ್ಲ. ಮಾರೋಕೆ ಬರೋರು ಇದನ್ನ ಹೇಳೋದು ಕಮ್ಮಿ.

ಅದಕ್ಕೂ ಮುಂಚೆ, ಸ್ಟೀಮ್ ಕಂಡೆನ್ಸೇಟ್ (ಉಗಿ ತಣಿದು ಆದ ಬಿಸಿನೀರು) ಬಾಯ್ಲರ್‌ಗೆ ವಾಪಸ್ ಬರ್ತಿದೆಯಾ ನೋಡಿ. ಹಾಗೇ ಕೊನೆಯ ಬಿಸಿ ತೊಳೆತದ ನೀರು ಸ್ವಚ್ಛವಾಗಿದ್ದರೆ ಮುಂದಿನ ಬ್ಯಾಚಿನ ಮೊದಲ ತೊಳೆತಕ್ಕೆ ನೇರವಾಗಿ ಹಾಕಿ. ನೀರೂ ಉಳೀತು, ಶಾಖವೂ ಉಳೀತು. ಗಾಢ ಬಣ್ಣ ಆದ ಮೇಲೆ ತಿಳಿ ಬಣ್ಣ ಬಂದರೆ ಮಾತ್ರ ಈ ಆಟ ಬೇಡ. ಹೀಗೆ ಮರುಬಳಸಿದ ಮೇಲೆ ಉಳಿದ ಹರಿವಿಗೆ ತಕ್ಕಂತೆ ಎಕ್ಸ್‌ಚೇಂಜರ್ ಅಳತೆ ಮಾಡಿ. ಈಗಿನ ಲೆಕ್ಕಕ್ಕೆ ತಂದರೆ ದೊಡ್ಡದಾಗುತ್ತೆ.

ಪ್ರಶ್ನೆ ಕೇಳಿದವರು:
ಮೆಷಿನ್ ನೀರು ಒಂದೇ ಸಲ ಭರ್ ಅಂತ ಬಿಡುತ್ತೆ ಸಾರ್. ಅದರಲ್ಲಿ ನೂಲಿನ ಚೂರು ಬೇರೆ.

ಉತ್ತರ:
ಬಿಸಿನೀರಿಗೆ ಶಾಖ ಹೋಗದಂತೆ ಮುಚ್ಚಿದ ತೊಟ್ಟಿ ಮಾಡಿ, ಅಲ್ಲಿಂದ ಪಂಪಿನಲ್ಲಿ ಒಂದೇ ಸಮ ಕೊಡಿ. ಶಾಖ ಪಡೆದ ನೀರಿಗೂ ಒಂದು ಟ್ಯಾಂಕ್ ಬೇಕು. ನೂಲಿಗೆ ಮೊದಲು ಜಾಲರಿ ಫಿಲ್ಟರ್. ಎಕ್ಸ್‌ಚೇಂಜರ್ ಮಾಮೂಲಿ ಪ್ಲೇಟ್ ಟೈಪ್ (ತೆಳು ತಗಡುಗಳ ಸಣ್ಣ ಸಂದಿನಲ್ಲಿ ನೀರು ಹರಿಯೋದು) ತಗೊಂಡರೆ ಬೇಗ ಕಟ್ಟಿಕೊಳ್ಳುತ್ತೆ. ಅಗಲ ಸಂದಿನ ಪ್ಲೇಟ್ ತಗೊಳ್ಳಿ. ಶೆಲ್ ಅಂಡ್ ಟ್ಯೂಬ್ (ದೊಡ್ಡ ಕೊಳವೆಯೊಳಗೆ ಸಣ್ಣ ಕೊಳವೆಗಳು) ಆದರೆ ಕೊಳಕು ನೀರನ್ನು ಟ್ಯೂಬ್ ಒಳಗೆ ಬಿಡಿ, ಬ್ರಷ್ ಹಾಕಿ ತೊಳೆಯಬಹುದು.

ಇನ್ನೊಬ್ಬರು (ಚಿಕ್ಕಮಗಳೂರು):
ಇದಕ್ಕೆ, ಯಾವ ಹರಿವಿನ ಶಾಖ ಯಾವುದಕ್ಕೆ ಕೊಡಬೇಕು ಅಂತ ಲೆಕ್ಕ ಹಾಕೋ ಪಿಂಚ್ ಸಾಫ್ಟ್‌ವೇರ್ ಬೇಕಲ್ವಾ ಅಣ್ಣ?

ಉತ್ತರ:
ಹತ್ತಿಪ್ಪತ್ತು ಹರಿವು ಇದ್ದರೆ ಬೇಕು. ಮೂರ್ನಾಲ್ಕು ಮೆಷಿನ್‌ಗೆ ಒಂದು ಹಾಳೆ ಸಾಕು ಮಾರಾಯ್ರೆ: ಯಾವ ನೀರು, ಎಷ್ಟು ಲೀಟರ್, ಎಷ್ಟು ಡಿಗ್ರಿ, ಎಷ್ಟು ಹೊತ್ತಿಗೆ. ಒಂದು ವಾರ ಬರೆದು ಇಲ್ಲೇ ಹಾಕಿ, ನೋಡೋಣ.