ವೃದ್ಧಾಶ್ರಮಕ್ಕೆ ಲೈಸೆನ್ಸ್ ಕೊಡುವವರು ಯಾರು? ಅಮ್ಮನನ್ನು ಸೇರಿಸುವ ಮೊದಲು ಗೊತ್ತಾಗಬೇಕು

ಬಿಜೈಯವ
ನಮಸ್ಕಾರ. ನಾನು ದುಬೈಯಲ್ಲಿದ್ದೇನೆ, ಅಮ್ಮ ಮಂಗಳೂರಿನ ಬಿಜೈಯಲ್ಲಿ ಒಬ್ಬರೇ. 78 ವರ್ಷ. ಮರೆವು ಜಾಸ್ತಿಯಾಗಿದೆ. ಕಳೆದ ತಿಂಗಳು ಗ್ಯಾಸ್ ತೆರೆದು ಹಾಗೇ ಬಿಟ್ಟಿದ್ದರು, ಪಕ್ಕದ ಮನೆಯವರಿಗೆ ವಾಸನೆ ಬಂದು ಓಡಿ ಬಂದದ್ದಕ್ಕೆ ಉಳಿದರು. ಹೋಮ್ ನರ್ಸ್ ಇಟ್ಟು ನೋಡಿದೆ, ಮೂರು ತಿಂಗಳಲ್ಲಿ ನಾಲ್ಕು ಜನ ಬದಲಾದರು. ರಜೆಯಲ್ಲಿ ಬಂದಾಗ ಉಡುಪಿ ಕಡೆ ಒಂದು ವೃದ್ಧಾಶ್ರಮ ನೋಡಿದೆ. ಚೊಕ್ಕವಾಗಿದೆ. ಲೈಸೆನ್ಸ್ ಉಂಟಾ ಅಂತ ಕೇಳಿದರೆ ಗೋಡೆಯಲ್ಲಿದ್ದ ಟ್ರಸ್ಟ್ ನೋಂದಣಿ ಪತ್ರ ತೋರಿಸಿದರು. ಇಷ್ಟು ಸಾಕಾ? ಸರ್ಕಾರದವರು ಬಂದು ನೋಡುತ್ತಾರಾ?

ಕುಂದಾಪುರ ವಕೀಲ
ಸಾಕಾಗುವುದಿಲ್ಲ. ಟ್ರಸ್ಟ್ ನೋಂದಣಿ ಅಂದರೆ ಆ ಹೆಸರಲ್ಲಿ ಒಂದು ಸಂಸ್ಥೆ ಇದೆ, ಅಷ್ಟೇ. ಒಳಗೆ ಇರುವವರನ್ನು ಹೇಗೆ ನೋಡಿಕೊಳ್ಳುತ್ತಾರೆ ಅಂತ ಆ ಪತ್ರ ಕೊಟ್ಟವರು ಯಾರೂ ಬಂದು ನೋಡಿರುವುದಿಲ್ಲ. ಹಿರಿಯ ನಾಗರಿಕರಿಗೆ ಅಂತ ನಮಗಿರುವುದು 2007ರ ಕಾಯ್ದೆ. ಮೊದಲಿಗೆ ಜಿಲ್ಲೆಗೆ ಒಂದಾದರೂ ಆಶ್ರಮವನ್ನು, ಕನಿಷ್ಠ 150 ಬಡ ಹಿರಿಯರಿಗೆ ಜಾಗ ಇರುವ ಹಾಗೆ, ರಾಜ್ಯ ಸರ್ಕಾರ ಮಾಡಬಹುದು ಅಂತ ಅದರ 19ನೇ ಕಲಂ ಹೇಳುತ್ತದೆ, ಆದರೆ ಅದು ಸರ್ಕಾರದ ಆಶ್ರಮಗಳ ವಿಷಯ. ಖಾಸಗಿಯವರು ನೋಂದಣಿ ಮಾಡಿಸಲೇಬೇಕು ಅಂತ ಅದರಲ್ಲಿ ಇಲ್ಲ. 2019ರಲ್ಲಿ ಲೋಕಸಭೆಗೆ ಬಂದ ತಿದ್ದುಪಡಿ ಮಸೂದೆಯಲ್ಲಿ ಇಂಥ ಮನೆಗಳಿಗೆ ನೋಂದಣಿ, ಕನಿಷ್ಠ ಗುಣಮಟ್ಟ ಎಲ್ಲ ಇತ್ತು. ಅದು ಕಾಯ್ದೆ ಆಗಲೇ ಇಲ್ಲ. ನನಗೆ ಬೇಜಾರಾಗುವುದು ಇದೇ ವಿಷಯಕ್ಕೆ.

ಒಂದು ಮಾತು ನೆನಪಿಡಿ. ಒಳಗೇ ರೋಗಿಗಳನ್ನು ಮಲಗಿಸಿ ಚಿಕಿತ್ಸೆ ಕೊಡುತ್ತಾರೆ ಅಂತಾದರೆ ಕೆಪಿಎಂಇ ನೋಂದಣಿ (ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳಿಗೆ ಇರುವ ರಾಜ್ಯದ ಕಾಯ್ದೆಯ ನೋಂದಣಿ) ಬೇಕು, ಆ ಪತ್ರ ಕಾಣುವ ಹಾಗೆ ಹಾಕಿರಬೇಕು. ಅದನ್ನು ಕೇಳಿ ನೋಡಿ.

ನೈಟ್ ಡ್ಯೂಟಿ ಅಕ್ಕ
ನಾನು ಇಂಥ ಕಡೆ ಆರು ವರ್ಷ ಕೆಲಸ ಮಾಡಿದ್ದೇನೆ. ಕಾಗದ ಕೇಳಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಕೇಳಬೇಕಾದ್ದು ರಾತ್ರಿ ಎಷ್ಟು ಜನ ಇರುತ್ತಾರೆ ಅಂತ. ಹಗಲು ಎಲ್ಲ ಕಡೆ ಜನ ಕಾಣುತ್ತಾರೆ. ರಾತ್ರಿ ಇಪ್ಪತ್ತು ಜನಕ್ಕೆ ಒಬ್ಬಳೇ ಹುಡುಗಿ, ಅವಳೇ ಬೆಳಿಗ್ಗೆ ಗಂಜಿಗೂ ಇಡಬೇಕು ಅಂದರೆ ಬಾತ್‌ರೂಮಿಗೆ ಎದ್ದ ಅಜ್ಜಿಯನ್ನು ಹಿಡಿಯುವವರು ಯಾರು? ಹೇಳದೆ ಸಂಜೆ ಏಳರ ಮೇಲೆ ಒಮ್ಮೆ ಹೋಗಿ. ಒಳಗೆ ಬಿಡದಿದ್ದರೆ ಅಲ್ಲೇ ನಿಮಗೆ ಉತ್ತರ ಸಿಕ್ಕಿತು. ಎದ್ದು ಓಡಾಡಲಾಗದವರ ಹಾಸಿಗೆ ನೋಡಿ, ಯಾರಿಗಾದರೂ ಬೆನ್ನು ಹುಣ್ಣಾಗಿದೆಯಾ ಅಂತ ಕೇಳಿ. ಮದ್ದು ಕೊಟ್ಟದ್ದನ್ನು ಬರೆದಿಡುವ ಪುಸ್ತಕ ಉಂಟಾ ನೋಡಿ. ನಿಮ್ಮ ಅಮ್ಮನಿಗೆ ಮರೆವು ಅಂದಿರಿ, ಹಾಗಾದರೆ ಗೇಟ್ ಯಾರು ನೋಡುತ್ತಾರೆ ಅಂತಲೂ ಕೇಳಲೇಬೇಕು.

ಕಲ್ಯಾಣಪುರ
ನಮ್ಮ ಚಿಕ್ಕಮ್ಮನ ವಿಷಯ ಹೇಳುತ್ತೇನೆ, ಎಲ್ಲಿ ಅಂತ ಹೇಳುವುದಿಲ್ಲ. ರಾತ್ರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ನಮಗೆ ಫೋನ್ ಬಂದದ್ದು ಎರಡು ದಿನ ಬಿಟ್ಟು. ಆಸ್ಪತ್ರೆಗೆ ಸೇರಿಸಿದ ಮೇಲೆ ಅಡ್ವಾನ್ಸ್ ವಾಪಸ್ ಕೇಳಿದರೆ ಕೊಡಲಿಲ್ಲ, ಬರೆದುಕೊಟ್ಟ ಕಾಗದವೇ ಇರಲಿಲ್ಲ. ದೂರು ಹಿಡಿದು ಹೋದರೆ ಒಂದು ಕಚೇರಿಯಲ್ಲಿ ಇದು ಆಸ್ಪತ್ರೆ ಅಲ್ಲ ಅಂದರು, ಇನ್ನೊಂದರಲ್ಲಿ ನಮ್ಮ ಅನುದಾನ ಇಲ್ಲ ಅಂದರು. ಎಸಿ (ಸಹಾಯಕ ಆಯುಕ್ತರ) ಕೋರ್ಟಿಗೆ ಹೋಗಬಹುದಿತ್ತಾ ವಕೀಲರೇ?

ಕುಂದಾಪುರ ವಕೀಲ
ಇಲ್ಲ, ತುಂಬ ಜನ ಹೀಗೇ ಅಂದುಕೊಳ್ಳುತ್ತಾರೆ. ಎಸಿಯವರ ನ್ಯಾಯಮಂಡಳಿ ಇರುವುದು ಮಕ್ಕಳಿಂದ, ಆಸ್ತಿ ಸಿಗುವ ಸಂಬಂಧಿಕರಿಂದ ಜೀವನಾಂಶ ಕೇಳಲಿಕ್ಕೆ, ಬರೆದುಕೊಟ್ಟ ಆಸ್ತಿ ವಾಪಸ್ ಕೇಳಲಿಕ್ಕೆ. ಆಶ್ರಮದ ಮೇಲಿನ ದೂರು ಅಲ್ಲಿ ನಿಲ್ಲುವುದಿಲ್ಲ. ನೀವು ದುಡ್ಡು ಕೊಟ್ಟು ಪಡೆದ ಸೇವೆ ಅದು, ಹಾಗಾಗಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ. ಕೊಟ್ಟ ಮೊತ್ತ 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ, ಘಟನೆ ಆಗಿ 2 ವರ್ಷದೊಳಗೆ ಹಾಕಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ಇರುವ ಜಿಲ್ಲೆಯಲ್ಲೇ ಹಾಕಬಹುದು. ಬ್ಯಾಂಕಿನಿಂದ ದುಡ್ಡು ಕಳಿಸಿದ್ದು, ವಾಟ್ಸಾಪ್ ಮೆಸೇಜು, ಆಸ್ಪತ್ರೆ ಡಿಸ್ಚಾರ್ಜ್ ಕಾಗದ, ಎಲ್ಲ ತೆಗೆದಿಡಿ. ಒಪ್ಪಂದ ಪತ್ರ ಇಲ್ಲದಿದ್ದರೂ ಇವು ಸಾಕ್ಷಿಯಾಗುತ್ತವೆ.

ಯಾರಿಗಾದರೂ ಈಗಲೇ ತೊಂದರೆ ಆಗುತ್ತಿದ್ದರೆ 14567ಕ್ಕೆ ಫೋನ್ ಮಾಡಿ, ಅದು ಹಿರಿಯರ ಸಹಾಯವಾಣಿ, ಉಚಿತ. ಹೊಡೆದದ್ದು, ಕೂಡಿ ಹಾಕಿದ್ದು ಅಂತಾದರೆ ಕಾಯಬೇಡಿ, ನೇರ 112.

ಬಿಜೈಯವ
ಎಲ್ಲರಿಗೂ ತುಂಬ ಥ್ಯಾಂಕ್ಸ್. ಅಕ್ಕ, ಗೇಟಿನ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ಶನಿವಾರ ಸಂಜೆ ನನ್ನ ಭಾವನನ್ನು ಹೇಳದೆ ಕಳಿಸುತ್ತೇನೆ. ಬಿದ್ದರೆ ಎಷ್ಟು ಹೊತ್ತಿನೊಳಗೆ ಫೋನ್ ಮಾಡಬೇಕು, ಬಿಟ್ಟು ಬಂದರೆ ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್, ಎರಡನ್ನೂ ಛಾಪಾ ಕಾಗದದಲ್ಲಿ ಬರೆದುಕೊಡಿ ಅಂತ ಕೇಳುತ್ತೇನೆ. ಕೊಡದಿದ್ದರೆ ಬೇರೆ ಕಡೆ ನೋಡುವುದೇ. ಅಲ್ಲಿಯವರೆಗೆ ಅಮ್ಮ ನನ್ನ ಅಕ್ಕನ ಮನೆಯಲ್ಲಿ ಇರುತ್ತಾರೆ.