ಸೊಂಟಕ್ಕೆ ಪೆಟ್ಟು, ಸರ್ಟಿಫಿಕೇಟ್‌ನಲ್ಲಿ 20%: ಯಾವ ಡಾಕ್ಟರ ಮಾತು ನಡೆಯುತ್ತದೆ?

ಪ್ರಶ್ನೆ: ಮೇಡಂ, ಅಣ್ಣನಿಗೆ 50 ವರ್ಷ, ಗೋದಾಮಿನಲ್ಲಿ ಲೋಡಿಂಗ್ ಕೆಲಸ. ಮೂಟೆ ಎತ್ತುವಾಗ ಸೊಂಟದ ಡಿಸ್ಕ್ ಜಾರಿತು. ನೋಡಿಕೊಂಡ ಡಾಕ್ಟರು 20% ಅಂಗವೈಕಲ್ಯ ಅಂತ ಬರೆದಿದ್ದಾರೆ. ಇನ್ಶೂರೆನ್ಸ್ ಕಡೆಯ ಡಾಕ್ಟರು 5% ಅಂತಾರೆ. ಅದೂ ವಯಸ್ಸಿನ ಸವೆತವಂತೆ! ಪರಿಹಾರ ಕಮ್ಮಿ ಆಗುತ್ತಾ?

ಉತ್ತರ (ವಕೀಲೆ): ಯಾವ ಡಾಕ್ಟರು ದೊಡ್ಡವರು ಅನ್ನೋದಲ್ಲ, ಯಾರು ಕಾರಣ ಕೊಟ್ಟು ಬರೆದಿದ್ದಾರೆ ಅನ್ನೋದು ಮುಖ್ಯ. ಸುಮ್ನೆ ‘20%’ ಅಂತ ಒಂದು ಸಾಲು ಇದ್ದರೆ ಪಾಟೀಸವಾಲಿನಲ್ಲಿ ನಿಲ್ಲೋದು ಕಷ್ಟ. ಮಲಗಿಸಿ ಕಾಲೆತ್ತಿದಾಗ ಎಷ್ಟು ಡಿಗ್ರಿಗೆ ನೋವು ಬಂತು? ಕಾಲಿನ ಹೆಬ್ಬೆರಳು ಮೇಲೆತ್ತುವ ಬಲ ಕುಗ್ಗಿದೆಯಾ? ಮೀನಖಂಡ ಸೊರಗಿದೆಯಾ, ಟೇಪಿನಲ್ಲಿ ಎರಡೂ ಕಾಲು ಅಳೆದರಾ? ಯಾವ ಮಾರ್ಗಸೂಚಿಯಿಂದ ಶೇಕಡಾ ಬಂತು? ಇಷ್ಟನ್ನೂ ವರದಿಯಲ್ಲಿ ಬರೆಸಿ.

ದೇಹಕ್ಕಾದ ನಷ್ಟ ಬೇರೆ, ದುಡಿಮೆಗಾದ ನಷ್ಟ ಬೇರೆ. 1970ರ ದಶಕದಲ್ಲಿ ಭಾರತದ ಸುಪ್ರೀಂ ಕೋರ್ಟ್ ಮುಂದೆ ಒಬ್ಬ ಬಡಗಿಯ ಕೇಸು ಬಂದಿತ್ತು. ಮೊಣಕೈ ಮೇಲಿನಿಂದ ಎಡಗೈ ಕತ್ತರಿಸಿತ್ತು. ಒಂದು ಕೈಯಲ್ಲಿ ಬಡಗಿ ಕೆಲಸ ಆಗಲ್ಲ, ಹಾಗಾಗಿ ದುಡಿಮೆಯ ನಷ್ಟ 100% ಅನ್ನೋದನ್ನು ಕೋರ್ಟ್ ಒಪ್ಪಿತು. ನಿಮ್ಮಣ್ಣ ಎಷ್ಟು ಕೆಜಿ ಎತ್ತಬಹುದು, ಎಷ್ಟು ಹೊತ್ತು ನಿಲ್ಲಬಹುದು ಅಂತ ಡಾಕ್ಟರು ಬರೆಯಲಿ. ಕೆಲಸದಲ್ಲಿ ದಿನಾ ಎಷ್ಟು ಭಾರ ಎತ್ತಬೇಕಿತ್ತು ಅನ್ನೋದನ್ನು ನಾವು ಸಾಕ್ಷಿ ಇಟ್ಟು ತೋರಿಸಬೇಕು.

ಪ್ರಶ್ನೆ: ಸವೆತದ ವಿಷಯ? ಎಂಆರ್‌ಐನಲ್ಲೂ ಹಾಗೇ ಇದೆ.

ಉತ್ತರ: ಇರುತ್ತೆ, ಅದರಲ್ಲೇನು? ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ 2015ರ ವಿಶ್ಲೇಷಣೆಯಲ್ಲಿ, 50ರ ವಯಸ್ಸಿನವರಲ್ಲಿ ಸುಮಾರು 80% ಮಂದಿಗೆ ಡಿಸ್ಕ್ ಸವೆತ ಕಂಡಿತ್ತು. ಸವೆತ ಇದ್ದ ಮಾತ್ರಕ್ಕೆ ನೋವು ಹಳೇದು ಅನ್ನೋಕಾಗಲ್ಲ. ಆದರೆ ಇದು ನಮಗೂ ತಿರುಗುಬಾಣ: ಬರೀ ಎಂಆರ್‌ಐ ತೋರಿಸಿ ಪೆಟ್ಟಿನಿಂದಲೇ ಆಯ್ತು ಅಂತ ಸಾಧಿಸೋಕೂ ಆಗಲ್ಲ. ಮೊದಲ ದಿನದ ಆಸ್ಪತ್ರೆ ಚೀಟಿ ನೋಡಿ. ‘ಮೂಟೆ ಎತ್ತುವಾಗ’ ಅಂತ ಇದೆಯಾ?

ಪ್ರಶ್ನೆ: ‘ಬೆನ್ನು ನೋವು’ ಅಂತಷ್ಟೇ ಇದೆ. ಈಗ ಸೇರಿಸಿಕೊಡಿ ಅಂತ ಕೇಳಲಾ?

ಉತ್ತರ: ಬೇಡವೇ ಬೇಡ! ತಿದ್ದಿದ ಚೀಟಿ ಸಿಕ್ಕಿಬಿದ್ದರೆ ಇಡೀ ಕೇಸು ಮುಳುಗುತ್ತೆ. ನಿಮ್ಮಣ್ಣನ ಜೊತೆ ಮೂಟೆ ಹೊತ್ತವರ ಸಾಕ್ಷಿ, ಸೂಪರ್‌ವೈಸರ್‌ಗೆ ಆ ದಿನ ಹೋದ ವಾಟ್ಸಾಪ್ ಮೆಸೇಜು, ಅಲ್ಲಿಯವರೆಗೆ ರಜೆ ಹಾಕದೆ ದುಡಿದ ಹಾಜರಿ ಪಟ್ಟಿ, ಇವನ್ನು ಹುಡುಕಿ. ಮೆಸೇಜು ಡಿಲೀಟ್ ಮಾಡಿಲ್ಲ ತಾನೇ?